ಲೆಕ್ಕ ಬಲ್ಲವರಿಗೆ ಸಮಾಜಸೇವೆಯಲ್ಲಿ ಕೆಲಸವಿದೆ

ಕಳೆದ ತಿಂಗಳು ನಮ್ಮ ತರಗತಿಯಲ್ಲಿ ಎಲ್ಲರಿಗೂ ಒಂದೊಂದು ಚೀಟಿ ಕೊಟ್ಟು, ಮುಂದೆ ಏನಾಗಬೇಕು ಎಂದು ಬರೆಯಲು ಹೇಳಿದರು. ಸಿಎ, ಬ್ಯಾಂಕ್ ನೌಕರಿ, ಸ್ವಂತ ಅಂಗಡಿ, ದುಬೈ ಎಂದೆಲ್ಲ ಬಂದವು. ನಾನು "ಸ್ವಯಂಸೇವಾ ಸಂಸ್ಥೆಯಲ್ಲಿ ಲೆಕ್ಕ ನೋಡುವ ಕೆಲಸ" ಎಂದು ಬರೆದಿದ್ದೆ. ಅದನ್ನು ಓದಿದ ಕೂಡಲೇ ಹಿಂದಿನ ಬೆಂಚಿನಿಂದ "ಸಂಬಳ ಯಾರು ಕೊಡ್ತಾರೆ?" ಎಂದು ಒಬ್ಬರು ಕೇಳಿದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಮನೆಗೆ ಹೋಗುವಾಗ ಯೋಚಿಸಿದೆ: ಪ್ರಶ್ನೆ ಸರಿಯಾದದ್ದೇ. ಅದಕ್ಕೆ ನನ್ನ ಹತ್ತಿರ ಸರಿಯಾದ ಉತ್ತರ ಇರಲಿಲ್ಲ. ಆಮೇಲೆ ಓದಿ, ಉಪನ್ಯಾಸಕರನ್ನು ಕೇಳಿ ತಿಳಿದುಕೊಂಡದ್ದನ್ನು ಇಲ್ಲಿ ಬರೆದಿದ್ದೇನೆ. ನಮ್ಮ ಮನೆಯ ಮಾತು ಉರ್ದು. ಆದ್ದರಿಂದ ಭಾಷೆಯಲ್ಲಿ ತಪ್ಪಿದ್ದರೆ ತಿದ್ದಿಕೊಳ್ಳಿ. ಲೆಕ್ಕದಲ್ಲಿ ತಪ್ಪಿದ್ದರೆ ಮಾತ್ರ ನನ್ನನ್ನು ಬಿಡಬೇಡಿ. ಏಕೆ ಹಾಗೆ ಹೇಳುತ್ತೇನೆ ಎಂಬುದು ಮುಂದೆ ಗೊತ್ತಾಗುತ್ತದೆ.

450 ರೂಪಾಯಿ

ನಮ್ಮ ಬೀದಿಯಲ್ಲಿ ಹದಿನಾಲ್ಕು ಮಹಿಳೆಯರ ಒಂದು ಸ್ವಸಹಾಯ ಸಂಘವಿದೆ. ಅಮ್ಮಿ ಅದರ ಸದಸ್ಯೆ. ಕೆಲವರು ಮನೆಯಲ್ಲೇ ಬಟ್ಟೆ ಹೊಲಿಯುತ್ತಾರೆ, ಕೆಲವರು ಮಂಡಕ್ಕಿ ಭಟ್ಟಿಯಲ್ಲಿ ದುಡಿಯುತ್ತಾರೆ. ದಾವಣಗೆರೆಯವರಿಗೆ ಭಟ್ಟಿಯ ಬಿಸಿ ಎಂದರೇನು ಎಂದು ಬೇರೆ ಹೇಳಬೇಕಾಗಿಲ್ಲ. ಪ್ರತಿ ಭಾನುವಾರ ಅಸರ್ ನಮಾಜ್ ಆದ ಮೇಲೆ ಎಲ್ಲರೂ ಸೇರಿ ತಲಾ 50 ರೂಪಾಯಿ ಉಳಿತಾಯ ಕಟ್ಟುತ್ತಾರೆ. ಸಾಲ ಪಡೆದವರು ಕಂತು ಕಟ್ಟುತ್ತಾರೆ. ಹೆಚ್ಚಿನವರಿಗೆ ಕನ್ನಡ ಬರೆಯಲು ಬರುವುದಿಲ್ಲ. ಬ್ಯಾಂಕಿಗೆ ತೋರಿಸುವ ಪುಸ್ತಕ ಕನ್ನಡದಲ್ಲಿ ಇರಬೇಕು. ಆದ್ದರಿಂದ ಪ್ರಥಮ ಪಿಯುಸಿ ಮುಗಿದ ರಜೆಯಲ್ಲಿ ಪುಸ್ತಕ ಬರೆಯುವ ಕೆಲಸ ನನಗೆ ಬಂತು. ನನಗೆ ಹೆಮ್ಮೆಯಾಗಿತ್ತು.

ಹಣದ ಪೆಟ್ಟಿಗೆ ನಮ್ಮ ಎದುರು ಮನೆಯ ಖಾಲಾ ಹತ್ತಿರ ಇರುತ್ತಿತ್ತು. ಖಾಲೂ ತೀರಿಕೊಂಡು ಆರು ವರ್ಷವಾಯಿತು. ಅವರು ಭಟ್ಟಿಯಲ್ಲಿ ಕೆಲಸ ಮಾಡಿ ಇಬ್ಬರು ಮಕ್ಕಳನ್ನು ಓದಿಸುತ್ತಿದ್ದಾರೆ. ಎರಡು ವಾರ ಮದುವೆ ಗಡಿಬಿಡಿಯಲ್ಲಿ ನಾವು ಹಣ ಎಣಿಸಿರಲಿಲ್ಲ. ಮೂರನೆಯ ವಾರ ಎಣಿಸಿದಾಗ ಪುಸ್ತಕದ ಪ್ರಕಾರ 3,860 ರೂಪಾಯಿ ಇರಬೇಕಿತ್ತು. ಪೆಟ್ಟಿಗೆಯಲ್ಲಿ ಇದ್ದದ್ದು 3,410. ಒಬ್ಬರು ಮೆಲ್ಲಗೆ, "ಪೆಟ್ಟಿಗೆ ಯಾರ ಮನೆಯಲ್ಲಿತ್ತು?" ಎಂದರು. ಅಷ್ಟೇ. ಬೇರೆ ಯಾರೂ ಏನೂ ಹೇಳಲಿಲ್ಲ. ಖಾಲಾ ಕೂಡ ಏನೂ ಹೇಳಲಿಲ್ಲ.

ಮರುದಿನ ಬೆಳಿಗ್ಗೆ ಅವರು ನಮ್ಮ ಮನೆಗೆ ಬಂದರು. ಭಟ್ಟಿ ಮಾಲೀಕರಿಂದ ಕೂಲಿಯ ಮುಂಗಡ ತಂದಿದ್ದರು. 450 ರೂಪಾಯಿಯನ್ನು ನನ್ನ ಕೈಯಲ್ಲಿಟ್ಟು, "ಬರೆದುಕೋ ಬೇಟಾ, ಹಣ ಸರಿಹೋಯಿತು ಅಂತ" ಎಂದರು. ನಾನು ಪೆನ್ನು ತೆಗೆದದ್ದು ನಿಜ. ಬರೆಯುವುದರಲ್ಲಿದ್ದೆ. ಅಮ್ಮಿ ತಡೆದು, "ಮೊದಲು ನಿಮ್ಮ ಸರ್‌ಗೆ ತೋರಿಸು" ಎಂದರು.

ನಮ್ಮ ಲೆಕ್ಕಶಾಸ್ತ್ರದ ಉಪನ್ಯಾಸಕರು ಪುಸ್ತಕ ತೆರೆಯುವ ಮೊದಲೇ ಕೇಳಿದರು: "ವ್ಯತ್ಯಾಸವನ್ನು ಒಂಬತ್ತರಿಂದ ಭಾಗಿಸಿದೆಯಾ?" 450 ಭಾಗಿಸು 9, ಸರಿಯಾಗಿ 50. ಶೇಷವಿಲ್ಲ. ಪಕ್ಕಪಕ್ಕದ ಎರಡು ಅಂಕೆಗಳು ಅದಲುಬದಲಾದರೆ ಬರುವ ವ್ಯತ್ಯಾಸ ಯಾವಾಗಲೂ ಒಂಬತ್ತರಿಂದ ಭಾಗವಾಗುತ್ತದೆ. 72ರಲ್ಲಿ 27 ಕಳೆದರೆ 45, 91ರಲ್ಲಿ 19 ಕಳೆದರೆ 72. ನೀವೇ ಬೇರೆ ಅಂಕೆ ಹಾಕಿ ನೋಡಿ. ಇದು ಪುರಾವೆಯಲ್ಲ, ಎಲ್ಲಿ ಹುಡುಕಬೇಕು ಎಂಬ ಸುಳಿವು ಮಾತ್ರ. ಹುಡುಕಿದೆ. ಎರಡು ವಾರದ ಹಿಂದೆ ಒಬ್ಬರು ಕಟ್ಟಿದ ಕಂತನ್ನು ನಾನು 720 ಎಂದು ಬರೆದಿದ್ದೆ. ಅವರ ಪಾಸ್ ಪುಸ್ತಕದಲ್ಲಿ 270 ಎಂದಿತ್ತು. ಆ ಪಾಸ್ ಪುಸ್ತಕ ಬರೆದದ್ದೂ ನಾನೇ.

ಮುಂದಿನ ಭಾನುವಾರ ಹದಿನಾಲ್ಕು ಜನರ ಮುಂದೆ ನಿಂತು, ತಪ್ಪು ನನ್ನದು ಎಂದು ಹೇಳಿದೆ. ಯಾವ ಪರೀಕ್ಷೆಯೂ ನನಗೆ ಅಷ್ಟು ಕಷ್ಟವಾಗಿರಲಿಲ್ಲ. ಖಾಲಾ "ಅಲ್ಹಮ್ದುಲಿಲ್ಲಾಹ್" ಎಂದು ಮಾತ್ರ ಹೇಳಿ, ಆ ಸಂಜೆಯೇ ಮುಂಗಡವನ್ನು ಮಾಲೀಕರಿಗೆ ಹಿಂದಿರುಗಿಸಿದರು.

ಅವತ್ತು ಆ 450 ರೂಪಾಯಿಯನ್ನು ಬರೆದುಕೊಂಡಿದ್ದರೆ ಲೆಕ್ಕ ಸರಿಹೋಗುತ್ತಿತ್ತು. ಒಬ್ಬ ಪ್ರಾಮಾಣಿಕ ಹೆಂಗಸು ಜೀವನಪೂರ್ತಿ ನಮ್ಮ ಬೀದಿಯಲ್ಲಿ ಕಳ್ಳಿ ಎನಿಸಿಕೊಳ್ಳುತ್ತಿದ್ದರು. ನನ್ನ ಮನಸ್ಸು ಒಳ್ಳೆಯದೇ ಇತ್ತು. ನಾನು ಉಚಿತವಾಗಿಯೇ ಕೆಲಸ ಮಾಡುತ್ತಿದ್ದೆ. ಅದು ಖಾಲಾನನ್ನು ಕಾಪಾಡಲಿಲ್ಲ. ಕಾಪಾಡಿದ್ದು ಒಂಬತ್ತರ ಲೆಕ್ಕ ಮತ್ತು ಒಂದು ಪಾಸ್ ಪುಸ್ತಕ. ಸಮಾಜಸೇವೆಗೆ ಒಳ್ಳೆಯ ಮನಸ್ಸು ಸಾಕು ಎಂಬ ಮಾತನ್ನು ಅಂದಿನಿಂದ ನಾನು ನಂಬುವುದಿಲ್ಲ.

ಲಾಭರಹಿತ ಎಂದರೇನು?

ನಮ್ಮ ಆಪಾ ಓದಿದ ಹಳೆಯ ದ್ವಿತೀಯ ಪಿಯುಸಿ ಲೆಕ್ಕಶಾಸ್ತ್ರ ಪುಸ್ತಕದಲ್ಲಿ ಲಾಭರಹಿತ ಸಂಸ್ಥೆಗಳ ಬಗ್ಗೆ ಒಂದು ಪೂರ್ತಿ ಅಧ್ಯಾಯವಿದೆ. ಅಂಥ ಸಂಸ್ಥೆಗಳಲ್ಲಿ ಲಾಭ-ನಷ್ಟ ಖಾತೆಯ ಬದಲು ಆದಾಯ-ವೆಚ್ಚಗಳ ಖಾತೆ ಇರುತ್ತದೆ. ವೆಚ್ಚಕ್ಕಿಂತ ಆದಾಯ ಹೆಚ್ಚಾದರೆ ಅದು ಲಾಭವಲ್ಲ, ಹೆಚ್ಚುವರಿ. ಹಣ ಉಳಿಯಬಾರದು ಎಂದೇನಿಲ್ಲ. ಉಳಿದದ್ದನ್ನು ನಡೆಸುವವರು ಹಂಚಿಕೊಳ್ಳುವಂತಿಲ್ಲ, ಸಂಸ್ಥೆಯ ಉದ್ದೇಶಕ್ಕೇ ಬಳಸಬೇಕು. ಲಾಭರಹಿತ ಎಂದರೆ ಸಂಬಳರಹಿತ ಎಂದು ತಿಳಿಯುವುದು ತಪ್ಪು. ಸಂಬಳ ವೆಚ್ಚದ ಬದಿಯಲ್ಲಿ ಬರುವ ಒಂದು ಸಾಮಾನ್ಯ ಬಾಬತ್ತು. ಹಿಂದಿನ ಬೆಂಚಿನ ಪ್ರಶ್ನೆಗೆ ಮೊದಲ ಉತ್ತರ ಇದು.

ನಮ್ಮ ರಾಜ್ಯದಲ್ಲಿ ಇಂಥ ಸಂಸ್ಥೆಗಳನ್ನು ಮುಖ್ಯವಾಗಿ ಮೂರು ರೀತಿಯಲ್ಲಿ ಕಟ್ಟುತ್ತಾರೆ. ಒಂದು, 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯ ಅಡಿ ಸಂಘ. ಎರಡು, ಟ್ರಸ್ಟ್. ಮೂರು, 2013ರ ಕಂಪನಿ ಕಾಯ್ದೆಯ 8ನೇ ಸೆಕ್ಷನ್ ಪ್ರಕಾರ ಲಾಭ ಹಂಚದ ಕಂಪನಿ. ನಮ್ಮ ಬೀದಿಯ ಸಂಘದಂಥ ಸ್ವಸಹಾಯ ಗುಂಪುಗಳು ಇವುಗಳಿಗಿಂತ ಚಿಕ್ಕವು. ಸಾಮಾನ್ಯವಾಗಿ 10ರಿಂದ 20 ಜನ ಸೇರಿ ಮಾಡಿಕೊಳ್ಳುತ್ತಾರೆ.

ಹಣ ಎಲ್ಲಿಂದ ಬರುತ್ತದೆ?

ಸಾರ್ವಜನಿಕರ ದೇಣಿಗೆ, ಸರ್ಕಾರದ ಅನುದಾನ, ಕಂಪನಿಗಳ ಹಣ, ವಿದೇಶಿ ದೇಣಿಗೆ: ಮುಖ್ಯ ಮೂಲಗಳು ಇವು. ಕಂಪನಿಗಳ ಹಣದ ನಿಯಮವನ್ನು ವಾಣಿಜ್ಯ ವಿದ್ಯಾರ್ಥಿಗಳು ತಿಳಿದಿರಬೇಕು. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ 500 ಕೋಟಿ ರೂಪಾಯಿ ನಿವ್ವಳ ಸಂಪತ್ತು, ಇಲ್ಲವೆ 1,000 ಕೋಟಿ ವಹಿವಾಟು, ಇಲ್ಲವೆ 5 ಕೋಟಿ ನಿವ್ವಳ ಲಾಭ, ಈ ಮೂರರಲ್ಲಿ ಒಂದನ್ನು ಮುಟ್ಟಿದ ಕಂಪನಿಯು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ. 2ರಷ್ಟನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು. 2014ರ ಏಪ್ರಿಲ್ 1ರಿಂದ ಇದು ಜಾರಿಯಲ್ಲಿದೆ. ಈ ಹಣದ ಒಂದು ಭಾಗ ಸ್ವಯಂಸೇವಾ ಸಂಸ್ಥೆಗಳ ಮೂಲಕ ಖರ್ಚಾಗುತ್ತದೆ.

ವಿದೇಶಿ ದೇಣಿಗೆಗೆ 2010ರ ಪ್ರತ್ಯೇಕ ಕಾಯ್ದೆ ಇದೆ. 2020ರ ತಿದ್ದುಪಡಿಯ ನಂತರ ಆ ಹಣದಲ್ಲಿ ಆಡಳಿತ ವೆಚ್ಚ ಶೇ. 20 ಮೀರುವಂತಿಲ್ಲ. ಹಿಂದೆ ಈ ಮಿತಿ ಶೇ. 50 ಇತ್ತು.

ಇದನ್ನೆಲ್ಲ ಏಕೆ ಹೇಳಿದೆನೆಂದರೆ, ಪ್ರತಿಯೊಂದು ಮೂಲಕ್ಕೂ ಬೇರೆ ನಿಯಮ, ಬೇರೆ ವರದಿ. ಶಾಲಾ ಬ್ಯಾಗಿಗೆಂದು ಬಂದ ಹಣದಲ್ಲಿ ಕಚೇರಿಯ ಬಾಡಿಗೆ ಕಟ್ಟುವಂತಿಲ್ಲ. ಯಾವ ಹಣ ಯಾವುದಕ್ಕೆ ಎಂದು ಬೇರೆ ಬೇರೆ ಇಟ್ಟು, ರಸೀದಿ ಸಮೇತ ತೋರಿಸುವವರು ಬೇಕು. ಆ ಕೆಲಸ ಡಾಕ್ಟರಿಗೂ ಬಾರದು, ಎಂಜಿನಿಯರಿಗೂ ಬಾರದು. ಅದು ನಮ್ಮದು.

ಲೆಕ್ಕದಿಂದ ಆದ ಬದಲಾವಣೆ

ಸಮಾಜ ಬದಲಾಯಿಸಿದವರೆಂದರೆ ಭಾಷಣಕಾರರು, ಲೆಕ್ಕದವರು ಒಳಗೆ ಕೂತು ಪುಸ್ತಕ ಬರೆಯುವವರು ಎಂದು ನಾನು ತಿಳಿದಿದ್ದೆ. ಮೂರು ಉದಾಹರಣೆಗಳು ನನ್ನ ತಿಳುವಳಿಕೆಯನ್ನು ಬದಲಾಯಿಸಿದವು.

ಮೊದಲನೆಯದು ರಾಜಸ್ಥಾನದ್ದು. ಅರುಣಾ ರಾಯ್ ಐಎಎಸ್ ಹುದ್ದೆ ಬಿಟ್ಟು ಹಳ್ಳಿಯ ಕೆಲಸಕ್ಕೆ ಬಂದವರು. ಅವರೂ ಅವರ ಜೊತೆಗಾರರೂ ಹಳ್ಳಿಯ ಜನರೊಂದಿಗೆ ಸೇರಿ 1990ರಲ್ಲಿ ಮಜ್ದೂರ್ ಕಿಸಾನ್ ಶಕ್ತಿ ಸಂಘಟನ್ ಕಟ್ಟಿದರು. ಬರಗಾಲದ ಕಾಮಗಾರಿಗಳಲ್ಲಿ ದುಡಿದವರಿಗೆ ಪೂರ್ತಿ ಕೂಲಿ ಸಿಗುತ್ತಿರಲಿಲ್ಲ. ಹಣ ಎಲ್ಲಿ ಹೋಯಿತು ಎಂದು ತಿಳಿಯಲು ದಾಖಲೆ ಬೇಕು. 1994ರ ಡಿಸೆಂಬರ್‌ನಲ್ಲಿ ಕೋಟ್ ಕಿರಾಣಾ ಎಂಬ ಹಳ್ಳಿಯಲ್ಲಿ ಅವರು ಮೊದಲ ಜನಸುನ್ವಾಯಿ ನಡೆಸಿದರು. ಅಲ್ಲಿ ಮಾಡಿದ್ದು ಇಷ್ಟೇ: ಹಾಜರಿ ಪಟ್ಟಿ, ಬಿಲ್, ವೋಚರುಗಳನ್ನು ಜನರ ಮುಂದೆ ಗಟ್ಟಿಯಾಗಿ ಓದಿದರು. ಯಾರು ದುಡಿದರು, ಯಾರು ದುಡಿಯದೆ ಹೆಸರು ಬರೆಸಿಕೊಂಡರು ಎಂದು ಜನರೇ ಎದ್ದು ಹೇಳಿದರು. "ಹಮಾರಾ ಪೈಸಾ, ಹಮಾರಾ ಹಿಸಾಬ್" ಎಂಬುದು ಅವರ ಘೋಷಣೆ. ನಮ್ಮ ಹಣ, ನಮಗೆ ಲೆಕ್ಕ ಕೊಡಿ ಎಂದು ಅರ್ಥ. ಇದೇ ಹೋರಾಟ ಬೆಳೆದು, ಇನ್ನೂ ಹಲವರ ಪ್ರಯತ್ನ ಸೇರಿ, 2005ರಲ್ಲಿ ಮಾಹಿತಿ ಹಕ್ಕು ಕಾಯ್ದೆ ಬಂತು. ನಾವು ಅಂಕಕ್ಕಾಗಿ ಕಲಿಯುವ ವೋಚರ್ ಅಲ್ಲಿ ಹಕ್ಕಿನ ಸಾಧನವಾಯಿತು.

ಎರಡನೆಯದು ಅಹ್ಮದಾಬಾದಿನದು. ವಕೀಲೆಯಾಗಿದ್ದ ಇಲಾ ಭಟ್ 1972ರಲ್ಲಿ ಸ್ವಉದ್ಯೋಗಿ ಮಹಿಳೆಯರ ಸಂಘ ಸೇವಾವನ್ನು ಕಟ್ಟಿದರು. ತಲೆಹೊರೆಯವರು, ತರಕಾರಿ ಮಾರುವವರು, ಮನೆಯಲ್ಲಿ ಹೊಲಿಯುವವರಿಗೆ ಬ್ಯಾಂಕುಗಳು ಸಾಲ ಕೊಡುತ್ತಿರಲಿಲ್ಲ. 1974ರಲ್ಲಿ ಸುಮಾರು 4,000 ಮಹಿಳೆಯರು ತಲಾ 10 ರೂಪಾಯಿ ಷೇರು ಹಾಕಿ ತಮ್ಮದೇ ಸಹಕಾರಿ ಬ್ಯಾಂಕ್ ತೆರೆದರು. ಗುಣಿಸಿ ನೋಡಿ, ಸುಮಾರು 40,000 ರೂಪಾಯಿ ಬಂಡವಾಳ. ಸಹಿ ಬಾರದವರನ್ನು ಗುರುತಿಸಲು ಭಾವಚಿತ್ರ ಬಳಸಿದರು.

ಮೂರನೆಯದು ನಮ್ಮ ಕರ್ನಾಟಕದ್ದು. ಮೈರಾಡಾ ಸಂಸ್ಥೆ 1968ರಲ್ಲಿ ಟಿಬೆಟಿನ ನಿರಾಶ್ರಿತರಿಗೆ ನೆಲೆ ಕಲ್ಪಿಸಲು ಶುರುವಾಯಿತು. 1980ರ ದಶಕದಲ್ಲಿ ಹಳ್ಳಿಯ ಸಣ್ಣ ಉಳಿತಾಯ ಗುಂಪುಗಳ ಜೊತೆ ಕೆಲಸ ಮಾಡಿತು. ಅಂಥ ಅನುಭವಗಳ ಮೇಲೆ ನಬಾರ್ಡ್ 1992ರಲ್ಲಿ ಗುಂಪುಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಯೋಗ ಆರಂಭಿಸಿತು. ಇಂದು ಸ್ವಸಹಾಯ ಗುಂಪುಗಳಿಗೆ ಪಂಚಸೂತ್ರ ಎಂಬ ಐದು ನಿಯಮಗಳಿವೆ: ನಿಯಮಿತ ಸಭೆ, ನಿಯಮಿತ ಉಳಿತಾಯ, ಒಳಗೆ ಸಾಲ ಕೊಡುವುದು, ಸಕಾಲಕ್ಕೆ ಮರುಪಾವತಿ, ಸರಿಯಾದ ಪುಸ್ತಕ ನಿರ್ವಹಣೆ. ಐದನೆಯದನ್ನು ಇನ್ನೊಮ್ಮೆ ಓದಿ.

ಸೇವೆಗೆ ಸಂಬಳ ತೆಗೆದುಕೊಳ್ಳಬಹುದೇ?

ನಾನು ಈ ಆಸೆ ಹೇಳಿದಾಗ ಅಬ್ಬಾ, "ಖಿದ್ಮತ್ ಪೇಟ್ ಭರೇ ಸೋ ಲೋಗಾಂ ಕಾ ಕಾಮ್ ಹೈ" ಎಂದರು. ಸೇವೆ ಹೊಟ್ಟೆ ತುಂಬಿದವರ ಕೆಲಸ ಎಂದು. ಭಟ್ಟಿಯ ಮುಂದೆ ನಿಂತು ಇಪ್ಪತ್ತು ವರ್ಷ ದುಡಿದವರ ಮಾತನ್ನು ಹಗುರವಾಗಿ ತೆಗೆದುಕೊಳ್ಳಲು ಆಗುವುದಿಲ್ಲ. ನೆಂಟರೊಬ್ಬರು ಇನ್ನೂ ಮುಂದೆ ಹೋಗಿ, ಬಡವರ ಹಣದಲ್ಲಿ ಸಂಬಳ ತಿನ್ನುವುದು ಸರಿಯೇ ಎಂದರು.

ಇದಕ್ಕೆ ಉತ್ತರ ನಮ್ಮ ದೀನಿಯಾತ್ ತರಗತಿಯಲ್ಲೇ ಸಿಕ್ಕಿತು. ಝಕಾತ್ ಹಣ ಯಾರಿಗೆ ಸಲ್ಲಬೇಕು ಎಂದು ಸೂರಃ ತೌಬಾದ 60ನೇ ಆಯತ್‌ನಲ್ಲಿ ಎಂಟು ವರ್ಗಗಳನ್ನು ಹೇಳಲಾಗಿದೆ. ಬಡವರ ಜೊತೆಗೆ, ಆ ಹಣವನ್ನು ಸಂಗ್ರಹಿಸುವ ಕೆಲಸ ಮಾಡುವವರೂ ಒಂದು ವರ್ಗ. ಇನ್ನೊಂದು ವಿಷಯ: ಕುರ್‌ಆನಿನ ಅತಿ ಉದ್ದದ ಆಯತ್, ಸೂರಃ ಬಕರಃದ 282, ಸಾಲದ ವ್ಯವಹಾರವನ್ನು ಸಾಕ್ಷಿಗಳ ಸಮೇತ ನ್ಯಾಯವಾಗಿ ಬರೆದಿಡಬೇಕು ಎಂಬುದರ ಬಗ್ಗೆ ಇದೆ. ಪ್ರವಾದಿಯವರನ್ನು (ಸ) ಮಕ್ಕಾದ ಜನ ಅಲ್-ಅಮೀನ್, ಅಂದರೆ ನಂಬಿಗಸ್ಥ ಎಂದು ಕರೆಯುತ್ತಿದ್ದರು. ಡಾ. ಮುಮ್ತಾಜ್ ಅಹ್ಮದ್ ಖಾನ್ 1966ರಲ್ಲಿ ಬೆಂಗಳೂರಿನಲ್ಲಿ ಶಿಕ್ಷಣ ಸಂಸ್ಥೆ ಕಟ್ಟಿದಾಗ ಇಟ್ಟ ಹೆಸರೂ ಅದೇ. ಜನರ ಹಣ ಅಮಾನತ್. ಅಮಾನತ್ ಕಾಯುವವರಿಗೂ ಮನೆ ಇದೆ, ಹೊಟ್ಟೆ ಇದೆ. ಸಂಬಳ ಪಡೆಯುವುದು ತಪ್ಪಲ್ಲ. ಸಂಬಳ ಪಡೆದು ಲೆಕ್ಕ ಸರಿಯಿಡದಿರುವುದು ತಪ್ಪು. ಸಂಬಳ ಪಡೆಯದೆ ಲೆಕ್ಕ ತಪ್ಪಿಸುವುದೂ ತಪ್ಪೇ, ನಾನು ಮಾಡಿದ ಹಾಗೆ.

ಓದಿದವರು ಈ ಕೆಲಸಕ್ಕೆ ಬರಬೇಕೆಂದು ಹೇಳಿದವರಲ್ಲಿ ದೀಪ್ ಜೋಶಿ ಮುಖ್ಯರು. ಎಂಜಿನಿಯರಿಂಗ್ ಮತ್ತು ಮ್ಯಾನೇಜ್‌ಮೆಂಟ್ ಓದಿದ ಇವರು 1983ರಲ್ಲಿ ಪ್ರದಾನ್ ಸಂಸ್ಥೆಯನ್ನು ಕಟ್ಟಿದವರಲ್ಲಿ ಒಬ್ಬರು. ಹೃದಯದ ಜೊತೆ ತಲೆಯೂ ಬೇಕು ಎಂಬುದು ಅವರ ವಿಚಾರ. 2009ರಲ್ಲಿ ಅವರಿಗೆ ಮ್ಯಾಗ್ಸೇಸೆ ಪ್ರಶಸ್ತಿ ಬಂತು.

ದಾರಿ ಯಾವುದು?

ಪಿಯುಸಿ ನಂತರ ನೇರವಾಗಿ ಸಮಾಜಕಾರ್ಯ ಪದವಿ, ಅಂದರೆ ಬಿಎಸ್‌ಡಬ್ಲ್ಯೂ ಸೇರಬಹುದು. ಮಂಗಳೂರಿನ ರೋಶನಿ ನಿಲಯ 1960ರಿಂದ ಸಮಾಜಕಾರ್ಯ ಕಲಿಸುತ್ತಿದೆ. ಬಿ.ಕಾಂ. ಮುಗಿಸಿ ಎಂಎಸ್‌ಡಬ್ಲ್ಯೂಗೂ ಹೋಗಬಹುದು. 1936ರಲ್ಲಿ ಮುಂಬೈಯಲ್ಲಿ ಆರಂಭವಾದ ಟಾಟಾ ಸಮಾಜ ವಿಜ್ಞಾನ ಸಂಸ್ಥೆ, ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ, ವರ್ಗೀಸ್ ಕುರಿಯನ್ 1979ರಲ್ಲಿ ಆನಂದ್‌ನಲ್ಲಿ ಸ್ಥಾಪಿಸಿದ ಗ್ರಾಮೀಣ ನಿರ್ವಹಣೆಯ ಸಂಸ್ಥೆ ಇವು ದೊಡ್ಡ ಹೆಸರುಗಳು. ಸಿಎ ಓದಿದವರೂ ಈ ಕ್ಷೇತ್ರಕ್ಕೆ ಬೇಕು. ಸಿಎ ಬಿಟ್ಟು ಸೇವೆಗೆ ಬನ್ನಿ ಎಂದು ನಾನು ಹೇಳುತ್ತಿಲ್ಲ, ಸಿಎ ತೆಗೆದುಕೊಂಡೇ ಬನ್ನಿ.

ಈಗಲೇ ಮಾಡಬಹುದಾದದ್ದು ನಾಲ್ಕು. ನಿಮ್ಮ ಬೀದಿಯ ಸ್ವಸಹಾಯ ಸಂಘ, ಮಸೀದಿ, ಯುವಕ ಸಂಘ, ಯಾವುದಾದರೂ ಒಂದರ ನಗದು ಪುಸ್ತಕವನ್ನು ಒಂದು ವರ್ಷ ಬರೆಯಿರಿ. ಸ್ಪ್ರೆಡ್‌ಶೀಟ್ ಮತ್ತು ಟ್ಯಾಲಿ ಕಲಿಯಿರಿ. ಒಂದು ಪುಟದ ವರದಿಯನ್ನು ಕನ್ನಡದಲ್ಲಿ ತಪ್ಪಿಲ್ಲದೆ ಬರೆಯಲು ರೂಢಿ ಮಾಡಿಕೊಳ್ಳಿ. ನಮ್ಮಲ್ಲಿ ಎರಡು ಮೂರು ಭಾಷೆ ಬರುವವರೇ ಹೆಚ್ಚು, ಅದು ಕೊರತೆಯಲ್ಲ, ಅರ್ಹತೆ. ನಾಲ್ಕನೆಯದು, ಯಾವುದಾದರೂ ಸಂಸ್ಥೆಯ ವಾರ್ಷಿಕ ವರದಿ ತೆಗೆದು ಅದರ ಆದಾಯ-ವೆಚ್ಚಗಳ ಖಾತೆಯನ್ನು ಓದಿ ನೋಡಿ.

ಕೆಲಸಕ್ಕೆ ಸೇರುವ ಮುನ್ನ ಸಂಸ್ಥೆಯನ್ನೂ ಪರೀಕ್ಷಿಸಬೇಕು. ನೋಂದಣಿ ಆಗಿದೆಯೇ? ಪ್ರತಿ ವರ್ಷ ಲೆಕ್ಕಪರಿಶೋಧನೆ ಆಗುತ್ತದೆಯೇ? ನೇಮಕಾತಿ ಪತ್ರ ಕೊಡುತ್ತಾರೆಯೇ, ಸಂಬಳ ಬ್ಯಾಂಕಿಗೆ ಬರುತ್ತದೆಯೇ? ಯಾರಿಗಾಗಿ ಕೆಲಸ ಮಾಡುತ್ತಾರೋ ಆ ಜನರಿಗೆ ಲೆಕ್ಕ ತೋರಿಸುತ್ತಾರೆಯೇ? ಸೇವೆಯ ಹೆಸರಿನಲ್ಲಿ ಇವುಗಳನ್ನು ಕೇಳಬೇಡ ಎನ್ನುವ ಕಡೆ ಹೋಗದಿರುವುದೇ ಒಳ್ಳೆಯದು. ಕಂಪನಿಗೆ ಹೋಲಿಸಿದರೆ ಇಲ್ಲಿ ಸಂಬಳ ಕಡಿಮೆ ಇರಬಹುದು, ಯೋಜನೆ ಮುಗಿದರೆ ಕೆಲಸವೂ ಮುಗಿಯಬಹುದು. ಇದನ್ನು ಮನೆಯವರಿಂದ ಮುಚ್ಚಿಡಬಾರದು.

ನಾನು ಮುಚ್ಚಿಡಲಿಲ್ಲ. ಅಬ್ಬಾ ಪೂರ್ತಿ ಒಪ್ಪಿಲ್ಲ. ಮೊದಲು ಬಿ.ಕಾಂ. ಮುಗಿಸು, ಆಮೇಲೆ ನೋಡೋಣ ಎಂದಿದ್ದಾರೆ. ನನಗೂ ಅದು ಸರಿ ಎನಿಸಿದೆ. ನಮ್ಮ ಸಂಘದಲ್ಲಿ ಈಗ ಪೆಟ್ಟಿಗೆ ಒಬ್ಬರಲ್ಲಿ, ಬೀಗದ ಕೈ ಇನ್ನೊಬ್ಬರಲ್ಲಿ, ಪುಸ್ತಕ ನನ್ನಲ್ಲಿ ಇರುತ್ತದೆ. ಪ್ರತಿ ವಾರ ಹಣ ಎಣಿಸಿ, ಮೊತ್ತವನ್ನು ಗಟ್ಟಿಯಾಗಿ ಓದಿಯೇ ಸಭೆ ಮುಗಿಸುತ್ತೇವೆ. ಪೆಟ್ಟಿಗೆ ಖಾಲಾ ಹತ್ತಿರವೇ ಇರಲಿ ಎಂದು ಎಲ್ಲರೂ ಸೇರಿ ಹೇಳಿದರು. ಮೊದಲು ಹೇಳಿದ್ದು, ಅಂದು ಆ ಪ್ರಶ್ನೆ ಕೇಳಿದವರೇ.

ಮೊನ್ನೆ ಅಬ್ಬಾ ಭಟ್ಟಿಯಲ್ಲಿ ಕೊಟ್ಟ ಹೊಸ ವರ್ಷದ ಡೈರಿಯನ್ನು ತಂದು ನನ್ನ ಮುಂದಿಟ್ಟು, "ಊರಿನ ಲೆಕ್ಕ ಆಮೇಲೆ, ಮೊದಲು ನಮ್ಮ ಮನೆಯದು ಬರೆ" ಎಂದರು. ಅಂದಿನಿಂದ ದಿನವೂ ಬರೆಯುತ್ತಿದ್ದೇನೆ. ಮೊತ್ತ ಹಾಕಿದ ಮೇಲೆ ಅಂಕೆಗಳನ್ನು ಎರಡು ಸಲ ನೋಡುತ್ತೇನೆ.

— ದ್ವಿತೀಯ ಪಿಯುಸಿ ವಿದ್ಯಾರ್ಥಿನಿ, ವಾಣಿಜ್ಯ ವಿಭಾಗ